ಪ್ರತಿಮೆಗಳಿಲ್ಲದ ಪೀಠಗಳು

ಗ್ರೀಕರ ಪ್ರಾಚೀನ ನಗರಗಳ ಅವಶೇಷಗಳಲ್ಲಿ ಪ್ರತಿಮೆಗಳಿಲ್ಲದ ಕಲ್ಲಿನ ಪೀಠಗಳು ಹೇರಳವಾಗಿ ಕಾಣಬರುತ್ತವೆ. ಅವುಗಳ ಮೇಲಿದ್ದ ಕಂಚಿನ ಪ್ರತಿಮೆಗಳಲ್ಲಿ ಬಹುಭಾಗವನ್ನು ಮುಂದಿನ ಕಾಲದವರು ಲೋಹಕ್ಕಾಗಿ ಕರಗಿಸಿಬಿಟ್ಟರು. ಪಾದಗಳನ್ನು ನೆಲೆಗೊಳಿಸಿದ್ದ ಕುಳಿಗಳು ಪೀಠದ ನೆತ್ತಿಯಲ್ಲಿ ಉಳಿದಿವೆ. ಮುಂಭಾಗದಲ್ಲಿ ಕೆಲವು ಪಂಕ್ತಿಗಳ ಬರೆಹವುಂಟು. ರೋಮನ್ನರ ಆಳ್ವಿಕೆಯ ಕಾಲದ ಇಂಥ ಶಾಸನಗಳು ಏನು ಹೇಳುತ್ತವೆಂಬುದನ್ನು ವಿಚಾರಮಾಡೋಣ.

ಇವುಗಳ ವಾಕ್ಯರಚನೆ ಬಹಳ ಸಂಕ್ಷಿಪ್ತವಾದುದು. "ಸಭೆಯೂ ಪೌರರೂ, ಇಂಥವನ ಮಗನಾದ ಇಂಥವನನ್ನು, ಅವನ ಸದ್ಗುಣದ ನಿಮಿತ್ತವಾಗಿ" ಎಂಬಲ್ಲಿಗೆ ವಾಕ್ಯವು ಮುಗಿದುಹೋಗುತ್ತದೆ. ಅನೇಕ ವೇಳೆ ಕ್ರಿಯಾಪದವೇ ಇರುವುದಿಲ್ಲ. 'ಗೌರವಿಸಿದರು' ಎಂದು ನಾವೇ ಅಧ್ಯಾಹಾರ ಮಾಡಿಕೊಳ್ಳಬೇಕು. ದೇವರಿಗೆ ಒಪ್ಪಿಸಿದ ಕಾಣಿಕೆಯ ಮೇಲೆ ದೇವರ ಹೆಸರು ಚತುರ್ಥೀ ವಿಭಕ್ತಿಯಲ್ಲಿರುತ್ತದೆ. ಸನ್ಮಾನಿತನ ಹೆಸರಾದರೋ ದ್ವಿತೀಯೆಯಲ್ಲಿ. ಅವನು ಎಷ್ಟು ದೊಡ್ಡವನಾದರೂ ಈ ವಾಕ್ಯದಲ್ಲಿ ಕರ್ಮ, ನಗರವೇ ಕರ್ತೃ. ವ್ಯಾಕರಣದ ಈ ಸಣ್ಣ ಸಂಗತಿಯಲ್ಲಿ ಒಂದು ರಾಜನೀತಿಯೇ ಅಡಗಿದೆ.

ಉತ್ಸವ, ವ್ಯಾಯಾಮಶಾಲೆಯ ಎಣ್ಣೆ, ಕ್ಷಾಮಕಾಲದ ಧಾನ್ಯ, ರೋಮಿಗೆ ಹೋಗುವ ನಿಯೋಗ ಮುಂತಾದವುಗಳ ವೆಚ್ಚದಲ್ಲಿ ದೊಡ್ಡ ಪಾಲನ್ನು ಸಿರಿವಂತರು ಹೊರುತ್ತಿದ್ದರು. ನಗರವು ಆ ಋಣವನ್ನು ಗೌರವದಿಂದ ತೀರಿಸುತ್ತಿತ್ತು. ಏಷ್ಯಾಮೈನರಿನ ಪೆರ್ಗೆ ಎಂಬ ಪಟ್ಟಣದ ಮಹಾದ್ವಾರವನ್ನು ಕ್ರಿ.ಶ. 2ನೆಯ ಶತಮಾನದ ಆದಿಯಲ್ಲಿ ಪ್ಲಾಂಕಿಯಾ ಮಾಗ್ನಾ ಎಂಬ ಮಹಿಳೆಯು ಅಲಂಕರಿಸಿದಳು. ಆಕೆಯ ಪ್ರತಿಮೆಯ ಪೀಠದಲ್ಲಿ ತಂದೆಯ ಹೆಸರಿನೊಡನೆ 'ನಗರದ ಮಗಳು' ಎಂಬ ಬಿರುದೂ ಇದೆ.

ಆದರೆ ಈ ಕೃತಜ್ಞತೆ ಎಷ್ಟು ಕಾಲ ಬಾಳುತ್ತಿತ್ತು? ಅಥೆನ್ಸಿನ ಅಕ್ರೊಪೋಲಿಸಿನ ಬಾಗಿಲ ಬಳಿ ಸುಮಾರು 9 ಮೀಟರು ಎತ್ತರದ ಪೀಠವೊಂದಿದೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ಅದರ ಮೇಲೆ ನಿಂತದ್ದು ಪೆರ್ಗಮಮ್ಮಿನ ರಾಜ ಎರಡನೆಯ ಯೂಮೆನೀಸನ ಗೌರವಾರ್ಥವಾದ ನಾಲ್ಕು ಕುದುರೆಗಳ ರಥ. ಇಂದು ಅಲ್ಲಿ ಓದಸಿಗುವ ಹೆಸರು ಬೇರೆ: "ಪೌರಜನವು, ಲೂಷಿಯಸನ ಮಗನೂ ಮೂರು ಬಾರಿ ಕಾನ್ಸಲನೂ ತನ್ನ ಉಪಕಾರಿಯೂ ಆದ ಮಾರ್ಕಸ್ ಅಗ್ರಿಪ್ಪನನ್ನು." ಅಗ್ರಿಪ್ಪನು ಮೂರನೆಯ ಬಾರಿ ಕಾನ್ಸಲನಾದದ್ದು ಕ್ರಿ.ಪೂ. 27ರಲ್ಲಿ. ರಾಜನ ಹೆಸರನ್ನು ಒರೆಸಿದ ಜಾಗದಲ್ಲಿಯೇ ರೋಮಿನ ಸೇನಾಪತಿಯ ಹೆಸರು ಬಂದು ಕುಳಿತಿತು.

ರೋಡ್ಸ್ ದ್ವೀಪದಲ್ಲಿ ಇದು ವಾಡಿಕೆಯೇ ಆಗಿಹೋಗಿತ್ತು. ಹೊಸಬನಿಗೆ ಗೌರವವೆಂದು ನಿರ್ಣಯವಾದರೆ ಅಧಿಕಾರಿಯು ಹಳೆಯದೊಂದು ಪ್ರತಿಮೆಯನ್ನು ತೋರಿಸುವನು. ಹಿಂದಿನ ಹೆಸರನ್ನು ಒರೆಸಿ ಹೊಸದನ್ನು ಕೆತ್ತುವರು. ವಾಗ್ಮಿಯಾದ ಡಿಯೊ ಕ್ರಿಸೊಸ್ಟೊಮನು ಅಲ್ಲಿನ ಪೌರರ ಮುಂದೆಯೇ ಇದನ್ನು ಖಂಡಿಸಿದನು. ವೇಷ ಬದಲಿಸುವ ನಟರಿಗೆ ಆ ಪ್ರತಿಮೆಗಳನ್ನು ಹೋಲಿಸಿದನು. ಸತ್ತವರಿಂದ ಗೌರವವನ್ನು ಕಸಿದುಕೊಂಡರೆ ಬದುಕಿರುವವರಿಗೆ ಕೊಡುವ ಗೌರವಕ್ಕೂ ಬೆಲೆಯಿರದೆಂಬುದು ಅವನ ವಾದದ ತಿರುಳು.

ಈ ಮಾತು ನಮಗೆ ಒಪ್ಪತಕ್ಕದ್ದಾಗಿ ತೋರುತ್ತದೆ. ವಾಕ್ಯದಲ್ಲಿ ಕರ್ತೃವಾಗಿ ನಿಲ್ಲುವುದು ನಗರಕ್ಕೆ ಹೆಮ್ಮೆ ಮಾತ್ರವಲ್ಲ, ಹೊಣೆಯೂ ಹೌದು. ಕೊಟ್ಟವರ ನೆನಪು ಅಳಿದರೆ ಕೆತ್ತಿದ ಅಕ್ಷರವೂ ಅಳಿಯುತ್ತದೆ. ಕಂಚನ್ನು ಕರಗಿಸಿದವರು ಪರರು. ಹೆಸರನ್ನು ಒರೆಸಿದವರಾದರೋ ಗೌರವ ಕೊಟ್ಟ ನಗರದವರೇ.