ಮಗುವಿನ ಕಾಲು ಸೋತರೆ ಮುಚ್ಚಿಡಬಾರದು

ತುಮಕೂರು ಜಿಲ್ಲೆಯಿಂದ ಹರಿದು ಬರುವ ಜಯಮಂಗಲಿ ನದಿಯು ಆಂಧ್ರದ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹಿಂದೂಪುರದ ನೆರೆಯಲ್ಲಿರುವ ಆ ಊರಿನ ಕಡೆಯೂ ನಮ್ಮಂತೆ ಗಡಿಯಲ್ಲಿ ಬಾಳುವ ಕನ್ನಡಿಗರಿದ್ದಾರೆ. ಮಗುವಿಗೆ ಕಾಯಿಲೆ ಬಲವಾದರೆ ಕಾಸರಗೋಡಿನ ನಾವು ಮಂಗಳೂರಿಗೆ ಧಾವಿಸುತ್ತೇವೆ. ಅವರಿಗೆ ಗೌರಿಬಿದನೂರು, ಬೆಂಗಳೂರುಗಳು ಹತ್ತಿರ. ಈ ಓಡಾಟದಲ್ಲಿ ಒಂದು ಮಾತು ತಪ್ಪಿಹೋಗದಂತೆ ನೋಡಿಕೊಳ್ಳಬೇಕಾಗಿದೆ.

ನಮ್ಮ ದೇಶದ ಕೊನೆಯ ಸಹಜ ಪೋಲಿಯೋ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯವು ಪೋಲಿಯೋಮುಕ್ತವೆಂದು ಸಾರಲ್ಪಟ್ಟಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ರೋಗ ಇನ್ನೂ ಅಳಿದಿಲ್ಲ. ಆದುದರಿಂದಲೇ 1997ರಲ್ಲಿ ಆರಂಭವಾದ ಕಾವಲು ಇಂದಿಗೂ ನಡೆಯುತ್ತಿದೆ.

ಕಾವಲಿನ ಕ್ರಮ ಸರಳ. ಹದಿನೈದು ವರ್ಷದೊಳಗಿನ ಯಾವುದೇ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಬಲಗುಂದಿ ಜೋತುಬಿದ್ದರೆ, ಕಾರಣವೇನೇ ಇರಲಿ, ಆಸ್ಪತ್ರೆಯವರು ಆರೋಗ್ಯ ಇಲಾಖೆಗೆ ತಿಳಿಸಬೇಕು. ಹದಿನಾಲ್ಕು ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಎರಡು ಬಾರಿ ಮಲದ ಮಾದರಿ ಪಡೆದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದಿನ ಕಳೆದಂತೆ ಮಲದಲ್ಲಿ ವೈರಾಣು ಸಿಕ್ಕುವುದು ಕಷ್ಟ. "ಬಿದ್ದಿರಬೇಕು, ಉಳುಕಿರಬೇಕು" ಎಂದು ಎಣ್ಣೆ ತಿಕ್ಕುತ್ತಾ ಕುಳಿತರೆ ಆ ಹದಿನಾಲ್ಕು ದಿನಗಳು ಮತ್ತೆ ಬಾರವು.

"ಪೋಲಿಯೋ ಅಲ್ಲವೆಂದು ಬಂತು, ಸುಮ್ಮನೆ ತೊಂದರೆ" ಎನ್ನುವವರುಂಟು. ಹಾಗಲ್ಲ. ಪೋಲಿಯೋ ಇಲ್ಲದಿದ್ದರೂ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಬ್ಬರಿಗಾದರೂ ಬೇರೆ ಕಾರಣಗಳಿಂದ ಇಂತಹ ಬಲಹೀನತೆ ಬಂದೇ ಬರುತ್ತದೆಂಬುದು ತಜ್ಞರ ಲೆಕ್ಕ. ಅಷ್ಟೂ ವರದಿಯಾಗದಿದ್ದರೆ ಕಾವಲುಗಾರ ನಿದ್ರಿಸುತ್ತಿದ್ದಾನೆಂದೇ ಅರ್ಥ. ಪೋಲಿಯೋ ಇಲ್ಲವೆಂಬ ಮಾತಿಗೆ ಇಂತಹ ಒಂದೊಂದು ಮಗುವಿನ ಪರೀಕ್ಷೆಯೇ ಸಾಕ್ಷಿ.

ಗಡಿನಾಡಿನವರಾದ ನಾವು ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ಪರವೂರಿನ ಆಸ್ಪತ್ರೆಯಲ್ಲಿ ನೆಂಟರ ವಿಳಾಸವನ್ನಷ್ಟೇ ಕೊಡದೆ, ಮಗು ವಾಸಿಸುವ ಮನೆಯ ವಿಳಾಸವನ್ನೂ ಬರೆಯಿಸಬೇಕು. ಅರವತ್ತು ದಿನ ಕಳೆದ ಬಳಿಕ ಮಗುವನ್ನು ಪುನಃ ನೋಡಲು ಬರುವವರು ಆ ಮನೆಯನ್ನೇ ಹುಡುಕಬೇಕಲ್ಲವೆ? ಎರಡನೆಯದು ಭಾಷೆ. ಇಲ್ಲಿ ಮಲಯಾಳದಲ್ಲಿ, ಪರಿಗಿಯಲ್ಲಿ ತೆಲುಗಿನಲ್ಲಿ ಕೇಳುವ ಪ್ರಶ್ನೆ ಅರ್ಥವಾಗದೆ, ಕಾಲು ಸೋತ ದಿನದ ಬದಲು ಜ್ವರ ಬಂದ ದಿನವನ್ನು ಹೇಳಿದರೆ ಲೆಕ್ಕವೆಲ್ಲ ತಪ್ಪುತ್ತದೆ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚ ಬೇಡ.

ಅಧ್ಯಾಪಕರಾದ ನಮ್ಮ ಹೊಣೆಯೂ ಇದೆ. ಹಾಜರಿ ಪುಸ್ತಕದಲ್ಲಿ ಗೈರು ಗುರುತಿಸಿದರೆ ಸಾಲದು. ಮಗು ಏಕೆ ಬಂದಿಲ್ಲವೆಂದು ಅದೇ ವಾರ ವಿಚಾರಿಸಬೇಕು. ಎರಡು ಭಾಷೆ ಬಲ್ಲ ನಮ್ಮ ಹೈಸ್ಕೂಲು ಮಕ್ಕಳು ನೆರೆಮನೆಯ ತಾಯಿಯೊಂದಿಗೆ ಆಸ್ಪತ್ರೆಗೆ ಹೋಗಿ ಆ ಒಂದು ದಿನಾಂಕವನ್ನು ಸರಿಯಾಗಿ ಹೇಳಿಕೊಟ್ಟರೆ, ಅದೂ ದೊಡ್ಡ ಉಪಕಾರವೇ ಸರಿ.