ಮುಂದೂಡಿದ ನಿರ್ಧಾರಕ್ಕೂ ಬಡ್ಡಿ ತೆರಬೇಕು

ದಾದರ್ ನಿಲ್ದಾಣದಲ್ಲಿ ನಿಂತ ಮುಂಬಯಿಗರಿಗೆ ನಿರ್ಧಾರ ಕೈಗೊಳ್ಳುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಫಾಸ್ಟ್ ಲೋಕಲ್ ಕಿಕ್ಕಿರಿದಿದೆ, ಆಚೆ ಬದಿಯಲ್ಲಿ ಸ್ಲೋ ಬರುತ್ತಿದೆ. ಹತ್ತುವುದೋ ಬಿಡುವುದೋ ಅರ್ಧ ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಅದೇ ವ್ಯಕ್ತಿ ಬ್ಯಾಂಕಿನಲ್ಲಿ ಒಂದು ಪುಟದ ಫಾರ್ಮ್ ಕೈಗೆ ಬಂದೊಡನೆ, "ಮನೆಯಲ್ಲಿ ಕೇಳಿ ನಾಳೆ ಬರುತ್ತೇನೆ" ಎನ್ನುತ್ತಾನೆ. ವರ್ಷ ಕಳೆದರೂ ಆ ನಾಳೆ ಬರುವುದಿಲ್ಲ. ಕೌಂಟರಿನ ಈಚೆ ಕುಳಿತವರಿಗೆ ಇದು ದಿನನಿತ್ಯದ ನೋಟ.

ಬುದ್ಧಿಯ ಕೊರತೆಯಿಂದ ಹೀಗಾಗುವುದಿಲ್ಲ, ತಪ್ಪಿದರೆ ಏನು ಗತಿ ಎಂಬ ಭಯದಿಂದ ಆಗುತ್ತದೆ. ಆದ್ದರಿಂದ ಯಾವುದೇ ವಿಷಯ ಎದುರಾದಾಗ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಮುಂದೆ ಬದಲಾಯಿಸಲು ಸಾಧ್ಯವೇ? ಸಾಧ್ಯವಿದ್ದರೆ ಇಂದೇ ಮುಗಿಸಿ. ಸಾಧ್ಯವಿಲ್ಲದಿದ್ದರೆ ಸಮಯ ತೆಗೆದುಕೊಳ್ಳಿ.

ನಾಮಿನಿಯ ವಿಷಯವನ್ನೇ ನೋಡೋಣ. ಹೆಂಡತಿಯ ಹೆಸರೋ ಮಗನದೋ, ಒಬ್ಬರದು ಬರೆದರೆ ಇನ್ನೊಬ್ಬರಿಗೆ ಬೇಸರವಾದೀತೇ ಎಂಬ ಗೊಂದಲದಲ್ಲಿ ಜಾಗವನ್ನು ಖಾಲಿ ಬಿಟ್ಟವರು ಎಷ್ಟೋ ಮಂದಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರ ಉಳ್ಳವರು. ಅದರಿಂದ ಉಳಿದ ವಾರಸುದಾರರ ಹಕ್ಕು ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಹೆಸರನ್ನು ಬೇಕಾದಾಗ ಬದಲಾಯಿಸಬಹುದು. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ವರನ್ನು ಹೆಸರಿಸಿ, ಯಾರಿಗೆ ಎಷ್ಟು ಪಾಲು ಎಂದು ನಮೂದಿಸಲೂ ಅವಕಾಶವಿದೆ. ಇಷ್ಟು ಸಲೀಸಾದ ಕೆಲಸವನ್ನು ಮುಂದೂಡಿದ್ದರಿಂದ, ಗಂಡ ತೀರಿಕೊಂಡ ದುಃಖ ಆರುವ ಮೊದಲೇ ಹೆಂಗಸರು ವಾರಸುದಾರರ ಸಹಿ, ದಾಖಲೆಗಳೆಂದು ಅಲೆಯಬೇಕಾಗುತ್ತದೆ. ಐದು ನಿಮಿಷದ ಅಳುಕಿಗೆ ಮನೆಯವರು ತೆರುವ ಬೆಲೆ ಇದು.

ಅವಧಿ ಠೇವಣಿಯದೂ ಇದೇ ಕಥೆ. ಬಡ್ಡಿ ಏರೀತೇನೋ ಎಂದು ಕಾಯುತ್ತ, ಅವಧಿ ಮುಗಿದ ಠೇವಣಿಯನ್ನು ಹಾಗೆಯೇ ಬಿಡುವವರಿದ್ದಾರೆ. ತಾನಾಗಿ ನವೀಕರಣವಾಗುವ ಸೂಚನೆ ಕೊಡದಿದ್ದಲ್ಲಿ, 2021ರ ರಿಸರ್ವ್ ಬ್ಯಾಂಕ್ ನಿಯಮದಂತೆ ಆ ಹಣಕ್ಕೆ ಉಳಿತಾಯ ಖಾತೆಯ ದರ ಅಥವಾ ಠೇವಣಿಯ ಹಳೆಯ ದರ, ಎರಡರಲ್ಲಿ ಕಡಿಮೆ ಇರುವುದೇ ಸಿಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಕೇಳಲು ಮನೆಯವರಿಗೆ ವಿಷಯ ಗೊತ್ತಿರಬೇಕಲ್ಲ!

ಊರಿನ ಪ್ರಯಾಣಕ್ಕೂ ಈ ಮಾತು ಸಲ್ಲುತ್ತದೆ. ರೈಲು ಟಿಕೆಟ್ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ. ಮೇ ತಿಂಗಳ ರಜೆಗೆ ಹೋಗುವುದೋ ಬೇಡವೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಭರ್ತಿ! ಟಿಕೆಟ್ ತೆಗೆದು ರದ್ದು ಮಾಡಿದರೆ ಸ್ವಲ್ಪ ಹಣ ಕಡಿತವಾದೀತು. ತೆಗೆಯದೇ ಇದ್ದರೆ ಪ್ರಯಾಣವೇ ತಪ್ಪೀತು.

ಎಲ್ಲದರಲ್ಲೂ ಅತ್ಯುತ್ತಮವಾದುದೇ ಬೇಕೆಂಬ ಹಟವೂ ನಮ್ಮನ್ನು ಕಟ್ಟಿಹಾಕುತ್ತದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ಹರ್ಬರ್ಟ್ ಸೈಮನ್ ಇದನ್ನೇ ಅಧ್ಯಯನ ಮಾಡಿದವರು. ಎಲ್ಲ ಆಯ್ಕೆಗಳನ್ನೂ ಅಳೆದು ತೂಗುವಷ್ಟು ಸಮಯವಾಗಲಿ ಮಾಹಿತಿಯಾಗಲಿ ಮನುಷ್ಯನಿಗೆ ಇರುವುದಿಲ್ಲ, ತನ್ನ ಅಗತ್ಯಕ್ಕೆ ಸಾಲುವಂಥದು ಸಿಕ್ಕಾಗ ಅವನು ಹುಡುಕಾಟ ನಿಲ್ಲಿಸುತ್ತಾನೆ ಎಂಬುದು ಅವರ ವಿಚಾರದ ಸಾರ. ಮಿಕ್ಸರ್ ಕೊಳ್ಳಲು ಹೊರಟವರು ಬೆಲೆ ಇಷ್ಟು, ಗ್ಯಾರಂಟಿ ಇಷ್ಟು, ರಿಪೇರಿ ಹತ್ತಿರದಲ್ಲಿ ಎಂದು ಮನೆಯಲ್ಲೇ ಬರೆದುಕೊಂಡು ಹೋದರೆ, ಈ ಮೂರೂ ಇರುವ ಮೊದಲನೆಯದನ್ನೇ ತರಬಹುದು. ಹತ್ತು ಅಂಗಡಿ ಸುತ್ತುವ ಶ್ರಮ ಉಳಿಯುತ್ತದೆ.

ಹಾಗೆಂದು ಎಲ್ಲಕ್ಕೂ ಅವಸರ ಸಲ್ಲದು. ಊರಿನ ಜಾಗ ಮಾರುವುದು, ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವುದು, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವುದು, ಇಂಥವುಗಳಲ್ಲಿ ಸಹಿ ಬಿದ್ದ ಮೇಲೆ ಹಿಂದೆ ಸರಿಯುವುದು ಸುಲಭವಲ್ಲ. ಇಲ್ಲಿ ನಿಧಾನವೇ ಪ್ರಧಾನ. ಆದರೆ ನಿಧಾನಕ್ಕೂ ಗಡುವು ಇರಲಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದು ದಿನಾಂಕಕ್ಕೆ ಗುರುತು ಹಾಕಿ, ವಿಷಯ ತಿಳಿದ ಒಬ್ಬರನ್ನೂ ಪರಿಣಾಮ ಅನುಭವಿಸಬೇಕಾದ ಮನೆಯವರನ್ನೂ ಕೇಳಿ. ಹತ್ತು ಮಂದಿಯನ್ನು ಕೇಳಿದರೆ ಹನ್ನೊಂದು ಅಭಿಪ್ರಾಯ ಸಿಗುತ್ತದೆ ಅಷ್ಟೆ.

ನಿರ್ಧಾರವಾದ ಬಳಿಕ ಮತ್ತೆ ಮತ್ತೆ ಹಿಂತಿರುಗಿ ನೋಡಬೇಡಿ. ಅಂದು ಗೊತ್ತಿದ್ದ ಸಂಗತಿಗಳನ್ನು ಆಧರಿಸಿ ಸರಿಯಾಗಿ ಯೋಚಿಸಿದ್ದರೆ, ಫಲ ಬೇರೆಯಾದರೂ ಕೊರಗಬೇಕಾಗಿಲ್ಲ.

ಆತ್ಮವಿಶ್ವಾಸ ಬರುವುದು ಅಭ್ಯಾಸದಿಂದ. ಎಲ್ಲವನ್ನೂ ಯಜಮಾನರೇ ನಿರ್ಧರಿಸುವ ಮನೆಯಲ್ಲಿ ಉಳಿದವರಿಗೆ ಆ ಅಭ್ಯಾಸ ಆಗುವುದೇ ಇಲ್ಲ. ತಿಂಗಳ ಸಾಮಾನಿನ ಲೆಕ್ಕ, ಕರೆಂಟ್ ಬಿಲ್, ಚಿಕ್ಕದೊಂದು ಆರ್.ಡಿ. ಖಾತೆ, ಇವನ್ನು ಗೃಹಿಣಿಯರಿಗೆ, ಬೆಳೆದ ಮಕ್ಕಳಿಗೆ ವಹಿಸಿ ನೋಡಿ. ನಾಳೆ ಅವರು ಒಬ್ಬರೇ ಬ್ಯಾಂಕಿಗೆ ಬರಬೇಕಾದ ದಿನ ಬಂದರೆ, ಎಲ್ಲಿ ಸಹಿ ಹಾಕಬೇಕೆಂದು ಅಕ್ಕಪಕ್ಕದವರ ಮುಖ ನೋಡಬೇಕಾಗುವುದಿಲ್ಲ.

ಈ ವಾರವೇ ಪಾಸ್‌ಬುಕ್ ತೆರೆದು, ನಾಮಿನಿಯ ಹೆಸರು ದಾಖಲಾಗಿದೆಯೇ ಎಂದು ನೋಡಿ. ಇಲ್ಲದಿದ್ದರೆ ಶಾಖೆಗೆ ಹೋಗಿ ಬರೆಸಿ. ಹೋಗುವಾಗ ಆ ಹೆಸರಿನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.