ಜೋಳಿಗೆಯೂ ಕಾಯಿದೆಯೂ

ಬೇಡುವುದು ಹೀನವೃತ್ತಿಯೆಂದು ನಮ್ಮ ನಾಗರಿಕ ಸಮಾಜವು ಈಚೆಗೆ ನಿಶ್ಚಯಿಸಿಕೊಂಡಂತಿದೆ. ಬುಡಬುಡಿಕೆಯ ಸದ್ದು ಕೇಳಿದೊಡನೆ ಬಾಗಿಲು ಹಾಕಿಕೊಳ್ಳುವ ಮನೆಗಳೇ ಹೊಸಪೇಟೆಯಲ್ಲಿ ಈಗ ಹೆಚ್ಚು. ಆದರೆ ಅಲ್ಲಿಂದ ಮೂರು ಹರದಾರಿಯೊಳಗೆ ಹಂಪೆಯಿದೆ. ಹಂಪೆಯ ವಿಠ್ಠಲಾಲಯದ ಸಮೀಪದಲ್ಲಿ, ತುಂಗಭದ್ರೆಯ ದಡದಲ್ಲಿ, ಪುರಂದರದಾಸರ ಹೆಸರಿನ ಮಂಟಪವಿದೆ. ಇದ್ದ ಐಶ್ವರ್ಯವನ್ನೆಲ್ಲ ತೊರೆದು ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಮನೆಮನೆಯ ಮುಂದೆ ಹಾಡಿ ಅಕ್ಕಿ ತಂದ ಆ ಮಹಾನುಭಾವರ ವೃತ್ತಿಯನ್ನು ಹಿರಿಯರು ಮಧುಕರವೃತ್ತಿಯೆಂದು ಕರೆದರು. ದುಂಬಿಯು ಹೂವನ್ನು ನೋಯಿಸದೆ ಮಧುವನ್ನು ಪಡೆಯುವಂತೆ ಗೃಹಸ್ಥನಿಗೆ ಭಾರವಾಗದೆ ಪಡೆಯುವುದು ಅದರ ಧರ್ಮ. ಆ ಜೋಳಿಗೆಯನ್ನು ಭಿಕಾರಿತನವೆಂದು ಹೇಳುವ ಧೈರ್ಯ ಯಾರಿಗುಂಟು? ದಾಸರ ಜೋಳಿಗೆಗೆ ಕೈಮುಗಿಯುವ ನಾವು ಬುಡ್ಗ ಜಂಗಮರ ಜೋಳಿಗೆಯನ್ನು ಕಂಡು ಮೋರೆ ತಿರುಗಿಸುವುದು ಯಾವ ನ್ಯಾಯವೆಂಬುದನ್ನು ವಾಚಕರು ಆಲೋಚಿಸಬೇಕು.

ಈ ಸೀಮೆಯಲ್ಲಿ ದೇವರ ಹೆಸರಿನಲ್ಲಿ ಬೇಡಿ ಹಾಡುವವರು ಒಂದೇ ಬಗೆಯವರಲ್ಲ. ಕಂಬಳಿ ಹೊದ್ದು ಡಮರು ಬಾರಿಸುತ್ತ ಬರುವ ಮೈಲಾರಲಿಂಗನ ಗೊರವರುಂಟು. ಎತ್ತನ್ನು ಸಿಂಗರಿಸಿ ತರುವ ಕೋಲೆಬಸವದವರುಂಟು. ಸುಡುಗಾಡುಸಿದ್ಧರು, ಗೊಂದಲಿಗರು, ಹೆಳವರು ಉಂಟು. ಇವರೆಲ್ಲರಲ್ಲಿ ಬುರ್ರಕಥೆಯ ಬುಡ್ಗ ಜಂಗಮರನ್ನು ಕುರಿತು ಎರಡು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಗಂಡಸರು ಹಗಲುವೇಷ ಹಾಕುವುದು, ಹೆಂಗಸರು ತಂಬೂರಿ ಮತ್ತು ಬುರ್ರೆಯೆಂಬ ಚರ್ಮವಾದ್ಯಗಳೊಡನೆ ಕಥೆ ಹಾಡುವುದು ಈ ಅಲೆಮಾರಿಗಳ ಕಸುಬು. ಒಬ್ಬಾಕೆ ಕಥೆಯನ್ನು ನಡೆಯಿಸುತ್ತಾಳೆ; ಪಕ್ಕದವರು ಬುರ್ರೆ ನುಡಿಸುತ್ತ ಹೂಂಗುಟ್ಟಿ, ದನಿಗೂಡಿಸಿ, ನಡುನಡುವೆ ಪ್ರಶ್ನೆ ಹಾಕುತ್ತಾರೆ.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಈ ಕುಲದವರು. ಅಕ್ಷರವನ್ನು ಕಲಿತವರಲ್ಲ. ಆದರೂ 12 ಮಹಾಕಾವ್ಯಗಳು ಆಕೆಯ ಕಂಠದಲ್ಲಿದ್ದುವು. ಅವುಗಳ ಪದಸಂಖ್ಯೆಯು ಎರಡು ಲಕ್ಷದಷ್ಟೆಂದು ಎಣಿಸಿದವರು ಹೇಳುತ್ತಾರೆ. ಕಂಪಿಲರಾಯನ ಮಗ ಕುಮಾರರಾಮನ ಕಥೆಯು ಅವುಗಳಲ್ಲೊಂದು. ದಿಲ್ಲಿಯ ತುಘಲಕನ ಸೈನ್ಯವು ಕಂಪಿಲಿಯ ರಾಜ್ಯವನ್ನು ಮುರಿದುದು ಸುಮಾರು 1327ರಲ್ಲಿ. ಅಂದಿನಿಂದ ಇಂದಿನವರೆಗೆ ಕಂಪ್ಲಿಯ ಒಕ್ಕಲಿಗನಿಗೂ ಸಂಡೂರಿನ ಕೂಲಿಗಾರನಿಗೂ ಆ ವೀರನ ಹೆಸರು ತಿಳಿದಿದ್ದರೆ ಅದಕ್ಕೆ ಪಂಡಿತರ ಗ್ರಂಥಗಳಿಗಿಂತ ಮೊರದ ಜೋಳಕ್ಕಾಗಿ ಹಾಡಿದವರೇ ಹೆಚ್ಚು ಕಾರಣರು. ಸರಕಾರವು 1999ರಲ್ಲಿ ಈರಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿಯನ್ನೂ, ಹಂಪೆಯ ಕನ್ನಡ ವಿಶ್ವವಿದ್ಯಾಲಯವು 2003ರಲ್ಲಿ ನಾಡೋಜ ಪದವಿಯನ್ನೂ ಕೊಟ್ಟುವು. 2014ರಲ್ಲಿ ಆಕೆ ತೀರಿಕೊಂಡರು.

ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಸಂಗತಿಯೂ ಇಂಥದೇ. ತಲೆಯ ಮೇಲೆ ಎಲ್ಲಮ್ಮನ ಕೊಡ ಹೊತ್ತು ಕುಣಿದು ಬೇಡಿ ಬದುಕಿದವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ದೇವಿಯ ಹೆಸರಿನಲ್ಲಿ ನಡೆದುದೆಲ್ಲವನ್ನೂ ನಾವು ಹೊಗಳುವವರಲ್ಲ. ಅರಿಯದ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಡುವ ಪದ್ಧತಿಯನ್ನು 1982ರ ಕಾಯಿದೆಯು ನಿಷೇಧಿಸಿದ್ದು ಸರ್ವಥಾ ಯುಕ್ತವಾದುದು. ಕುಣಿತದ ಸೊಗಸು ಆ ಅನ್ಯಾಯಕ್ಕೆ ಪರಿಹಾರವಾಗದು.

ಚೀನಾ ದೇಶದ ಇತಿಹಾಸವನ್ನು ನೋಡಿದರೂ ಇದೇ ತೊಡಕು ಕಾಣುತ್ತದೆ. ಅಲ್ಲಿ ಬೌದ್ಧ ಭಿಕ್ಷುವಿನ ಪಾತ್ರೆಗೆ ಮರ್ಯಾದೆಯಿತ್ತು. ಬಿದಿರಿನ ಚಿಟಿಕೆಗಳನ್ನು ತಟ್ಟುತ್ತ ಅಂಗಡಿಗಳ ಮುಂದೆ 'ಕಮಲದ ಹಾಡು' ಹೇಳುವ ತಿರುಕನಿಗೆ ಇರಲಿಲ್ಲ. ಫೆಂಗ್‌ಯಾಂಗ್ ಎಂಬ ಪ್ರಾಂತದ ಬಡವರು ಕ್ಷಾಮ ಬಂದಾಗ ಸಣ್ಣ ಮದ್ದಳೆಯನ್ನು ಬಾರಿಸಿ ಹಾಡುತ್ತ ಪರಸ್ಥಳಗಳಿಗೆ ಹೋಗುತ್ತಿದ್ದರು. ಅದೇ ಪ್ರಾಂತದಲ್ಲಿ 1328ರಲ್ಲಿ, ಎಂದರೆ ಕಂಪಿಲಿ ಬಿದ್ದ ಕಾಲದಲ್ಲಿಯೇ, ಹುಟ್ಟಿದ ಅನಾಥ ಬಾಲಕನೊಬ್ಬನು ವಿಹಾರವನ್ನು ಸೇರಿ, ಅಲ್ಲಿಯೂ ಅನ್ನವಿಲ್ಲದೆ ಕೆಲವು ವರ್ಷ ಪಾತ್ರೆ ಹಿಡಿದು ತಿರಿದನು. 1368ರಲ್ಲಿ ಮಿಂಗ್ ವಂಶವನ್ನು ಸ್ಥಾಪಿಸಿ ಸಿಂಹಾಸನವೇರಿದವನು ಅವನೇ. ಫೆಂಗ್‌ಯಾಂಗಿನ ಆ ಮದ್ದಳೆಯ ಹಾಡು ಕ್ಷಾಮ ಕಳೆದ ಮೇಲೂ ಉಳಿದು, ಈಗ ಅಲ್ಲಿಯ ಜನರು ಅಭಿಮಾನದಿಂದ ತೋರಿಸುವ ಕಲೆಯಾಗಿದೆ.

ನಮ್ಮಲ್ಲಿ ಏನಾಗುತ್ತಿದೆ? 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯು ಪರವಾನಗಿ ಪಡೆದ ಧಾರ್ಮಿಕ ಭಿಕ್ಷುಕನನ್ನೂ, ಹರಕೆ ತೀರಿಸಲೆಂದು ಸಂಪ್ರದಾಯದಂತೆ ಬೇಡುವವನನ್ನೂ ತನ್ನ ಹಿಡಿತದಿಂದ ಬಿಟ್ಟಿದೆ. ಒಳ್ಳೆಯದೇ. ಆದರೆ ಹಾಡುಗಾರನಿಗೆ ಹಾಡುಗಾರನೆಂಬ ಕಾರಣದಿಂದ ಅಲ್ಲಿ ಬಿಡುಗಡೆಯಿಲ್ಲ. ಮುಂಬಯಿಯ 1959ರ ಕಾಯಿದೆಯಂತೂ ಹಾಡು, ಕುಣಿತ, ಭವಿಷ್ಯ ಹೇಳುವುದು ಎಲ್ಲವನ್ನೂ ಬೇಡುವುದಕ್ಕೆ ಹೂಡಿದ ನೆಪಗಳೆಂದೇ ಎಣಿಸಿತು. ನಮ್ಮ ಅಭಿಪ್ರಾಯದಲ್ಲಿ ಇದು ಮೂಲದಲ್ಲಿಯೇ ತಪ್ಪಿದ ಎಣಿಕೆ. ರಾತ್ರಿಯೆಲ್ಲ ಕಥೆ ಹೇಳಿ ಬೆಳಿಗ್ಗೆ ಮೊರದ ಜೋಳ ಪಡೆಯುವುದು ಭಿಕ್ಷೆಯಲ್ಲ, ಕೂಲಿ. ಅದೂ ಅಗ್ಗದ ಕೂಲಿ.

ಇನ್ನೊಂದು ತೊಡಕನ್ನು ಅಧಿಕಾರಿ ಮಹಾಶಯರ ಗಮನಕ್ಕೆ ತರುವುದು ಅವಶ್ಯ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಬೇಡ ಜಂಗಮ, ಬುಡ್ಗ ಜಂಗಮ' ಎಂದು ಒಂದೇ ಸಾಲಿನಲ್ಲಿ ನಮೂದಾಗಿದೆ. ಬೇಡ ಎಂದರೆ ಬೇಟೆಗಾರನೋ ಬೇಡುವವನೋ ಎಂಬ ಚರ್ಚೆ ಹುಟ್ಟಿ, ಕಂತಿಭಿಕ್ಷೆಯ ಆಚಾರವುಳ್ಳ ವೀರಶೈವ ಜಂಗಮರಲ್ಲಿ ಕೆಲವರು ಆ ಸಾಲಿನ ಹಕ್ಕನ್ನು ಕೇಳುತ್ತಿದ್ದಾರೆ. ವ್ಯಾಜ್ಯಗಳು ನ್ಯಾಯಾಲಯಗಳನ್ನೂ ಮುಟ್ಟಿವೆ. ಮಠದ ಜೋಳಿಗೆಯೂ ಜಂಗಮನ ಜೋಳಿಗೆ, ಗುಡಾರದ ಜೋಳಿಗೆಯೂ ಜಂಗಮನ ಜೋಳಿಗೆ. ಆದರೆ ಒಂದನ್ನು ಊರು ಪಾದಪೂಜೆ ಮಾಡಿ ತುಂಬಿತು, ಇನ್ನೊಂದನ್ನು ಊರ ಹೊರಗೆ ನಿಲ್ಲಿಸಿ ತುಂಬಿತು. ಈ ಅಂತರವನ್ನು ತಿಳಿಯಲು ಶಬ್ದಕೋಶ ಬೇಕಿಲ್ಲ. ಗುಡಾರದವರೆಗೆ ನಡೆದುಹೋದರೆ ಸಾಕು. ಪ್ರಮಾಣಪತ್ರಕ್ಕೆ ರುಜು ಹಾಕುವ ಮೊದಲು ತಹಶೀಲದಾರರು ಅಷ್ಟು ದೂರ ನಡೆಯಲಿ.

ಅಲೆಮಾರಿಗಳ ಮಕ್ಕಳು ಈಗ ಶಾಲೆಗೆ ಹೋಗಬೇಕು, ಹೋಗಲಿ. ತಾಯಿ ಬೇಡಿದಳೆಂದು ಮಗಳೂ ಬೇಡಲೆಂದು ನಾವು ಬಯಸುವುದಿಲ್ಲ. ಆದರೆ ಜೋಳಿಗೆ ಇಳಿದಾಗ ತಂಬೂರಿಯೂ ಇಳಿಯುತ್ತಿದೆ. ಕನ್ನಡ ವಿಶ್ವವಿದ್ಯಾಲಯವು ಹಂಪೆಯಲ್ಲಿಯೇ ಇದೆ, ಗಣಿಯ ಸಂಪತ್ತು ಸಂಡೂರಿನಲ್ಲಿದೆ. ಬುರ್ರಕಥೆ ಬಲ್ಲ ಮುದುಕಿಯರಿಗೆ ತಿಂಗಳ ಸಂಬಳ ಕೊಟ್ಟು, ಊರಿನ ಶಾಲೆಯಲ್ಲಿ ವಾರಕ್ಕೆರಡು ದಿನ ಕಥೆ ಹೇಳಿಸುವುದಕ್ಕೆ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಶಾಲಾಧಿಕಾರಿಗಳಿಗೆ ಅಡ್ಡಿಯೇನು?